ಅಕ್ಕ ಕೇಳಿದ್ದು ಪ್ರಶ್ನೆ, ಟಿವಿ ತೋರಿಸಿದ್ದು ಅಳು



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಬೀದಿನಾಟಕ ಮಾಡೋರು, ಹಾಡು ಕಟ್ಟೋರು, ಮೈಕ್ ಹಿಡಿದು ತಮ್ಮ ಕತೆ ತಾವೇ ಹೇಳೋ ಹುಡುಗ ಹುಡುಗಿಯರು ಓದಲಿ ಅಂತ ಬರೀತಿದ್ದೀನಿ.

ಹೋದ ವಾರ ನಮ್ಮ ತಂಡದ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಟಿವಿಯವರು ಕೇಳ್ತಿದಾರೆ. ಅಂಬೇಡ್ಕರ್ ಜಯಂತಿಗೆ ನಮ್ಮ ಪಿಟ್ ಗುಂಡಿ ನಾಟಕ ಬೇಕಂತೆ. 22 ನಿಮಿಷ ಕೊಡ್ತಾರಂತೆ. ಹೂಂ ಅನ್ಲಾ?" ಅವನ ದನಿಯಲ್ಲಿ ಖುಷಿ ಕಾಣ್ತಿತ್ತು. ನನಗೆ ಮಾತೇ ಹೊರಡಲಿಲ್ಲ. "ಅಕ್ಕನ್ನ ಕೇಳಿ ಹೇಳ್ತೀನಿ ಕಣೋ" ಅಂತ ಫೋನ್ ಇಟ್ಟೆ. ಯಾಕಂದ್ರೆ 2015ರಲ್ಲಿ ಇದೇ ನಾಟಕವನ್ನ ಇನ್ನೊಂದು ಚಾನೆಲ್‌ಗೆ ಕೊಟ್ಟು ನಾನೊಂದು ತಪ್ಪು ಮಾಡಿದ್ದೆ. ಅದನ್ನ ಇಲ್ಲೀತನಕ ಎಲ್ಲೂ ಬರೆದಿಲ್ಲ.

ಮೊದಲು ನಾಟಕ ಹೇಗಿದೆ ಅಂತ ಹೇಳ್ತೀನಿ. ಸ್ಟೇಜ್ ಇಲ್ಲ, ಪರದೆ ಇಲ್ಲ. ಬಸ್ ಸ್ಟ್ಯಾಂಡಲ್ಲೋ ಸಂತೆಯಲ್ಲೋ ಕೇರಿ ಮುಂದೋ ತಮಟೆ ಬಾರಿಸ್ತೀವಿ, ಜನ ಸೇರ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೀತೀವಿ. ಅದೇ ಗುಂಡಿ. ಒಬ್ಬ ಅದರೊಳಗೆ ಕೂರ್ತಾನೆ, ಮೇಲೇಳಲ್ಲ. ಅವನನ್ನ ಎತ್ತೋಕೆ ಹೋದ ಇನ್ನೊಬ್ಬನೂ ಮೇಲೇಳಲ್ಲ. ಆಮೇಲೆ ಅಕ್ಕ ಬರ್ತಾಳೆ. ಅವಳು ನಟಿ ಅಲ್ಲ. ಎತ್ತೋಕೆ ಹೋದ ಆ ಎರಡನೆಯವನ ಹೆಂಡತಿ ಅವಳು, ನಿಜವಾಗಿ. ಒಂದು ಕಲ್ಯಾಣ ಮಂಟಪದ ಪಿಟ್ ತುಂಬಿ, ಮಾರನೇ ದಿನ ಮದುವೆ ಇದೆ ಅಂತ ರಾತ್ರೋರಾತ್ರಿ ಕರೆಸಿ ಇಳಿಸಿದ್ರು. ಇಬ್ಬರೂ ಗ್ಯಾಸಿಗೆ ಹೋದ್ರು. ಮದುವೆ ನಿಲ್ಲಲಿಲ್ಲ.

ಅಕ್ಕನ ಮಾತಿಗೆ ಸ್ಕ್ರಿಪ್ಟ್ ಇಲ್ಲ. ಒಂದೊಂದು ಊರಲ್ಲಿ ಒಂದೊಂದು ಥರ ಹೇಳ್ತಾಳೆ. ಎರಡು ಮಾತು ಮಾತ್ರ ಬದಲಾಗಲ್ಲ. ಒಂದು: "ನಾವು ಮಾದಿಗರು. ಅದಕ್ಕೇ ಕರೆದ್ರು." ಇನ್ನೊಂದು ಕೊನೇದು. ವೃತ್ತದ ಅಂಚಿಗೆ ನಿಂತು, ಸುತ್ತ ಇರೋರ ಮುಖ ನೋಡ್ತಾ ಕೇಳ್ತಾಳೆ: "ನಿಮ್ಮನೆ ಗುಂಡಿ ತುಂಬಿದಾಗ ನೀವು ಯಾರನ್ನ ಕರೆದ್ರಿ?"

ಕೇಳಿ ಸುಮ್ಮನೆ ನಿಲ್ತಾಳೆ. ತಮಟೆ ಇಲ್ಲ, ಹಾಡಿಲ್ಲ. ಅರ್ಧ ನಿಮಿಷ ಆಗಬಹುದು, ಎರಡು ನಿಮಿಷವೂ ಆಗಬಹುದು. ಯಾರೋ ಕೆಮ್ಮುತ್ತಾರೆ. ಯಾರೋ ಬೈಕ್ ಸ್ಟಾರ್ಟ್ ಮಾಡಿ ಹೊರಡ್ತಾರೆ. ಒಂದು ತಾಲ್ಲೂಕು ಕೇಂದ್ರದಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು ಕೈ ಎತ್ತಿ, "ನಾನೂ ಕರೆದಿದ್ದೀನಮ್ಮ, 500 ರೂಪಾಯಿ ಕೊಟ್ಟಿದ್ದೆ" ಅಂದು ತಲೆ ತಗ್ಗಿಸಿದ್ರು. ಆ ಸಂಜೆ ಅಲ್ಲಿ ಇನ್ನೂ ಆರೇಳು ಜನ ಬಾಯಿಬಿಟ್ಟರು. ನಾಟಕ ಶುರುವಾಗೋದೇ ಅಲ್ಲಿಂದ. ಅದಕ್ಕೆ ಮುಂಚೆ ನಾವು ಮಾಡೋದೆಲ್ಲ ಜನರನ್ನ ಅಲ್ಲೀತನಕ ಕರ್ಕೊಂಡು ಬರೋದು ಅಷ್ಟೇ.

ಈಗ 2015ಕ್ಕೆ ಬರ್ತೀನಿ.

ಚಾನೆಲ್‌ನವರು ಸ್ಟುಡಿಯೋಗೆ ಕರೆದ್ರು. ಗೌರವವಾಗೇ ನಡ್ಕೊಂಡ್ರು, ಸುಳ್ಳು ಹೇಳಬಾರದು. ಕಾಫಿ ಬಂತು, ಕಾರೂ ಬಂತು. ಸೀಮೆಸುಣ್ಣದ ಗೆರೆ ಕ್ಯಾಮೆರಾಗೆ ಕಾಣಲ್ಲ ಅಂತ ಥರ್ಮಾಕೋಲಿನಲ್ಲಿ ಮ್ಯಾನ್‌ಹೋಲ್ ಮಾಡಿಟ್ಟಿದ್ರು, ಅದರೊಳಗಿಂದ ಹೊಗೆ ಬೇರೆ ಬಿಟ್ರು. ತಮಟೆ ಅಣ್ಣ "ಬೆಂಕಿ ಎಲ್ಲಿ?" ಅಂದ. ಬೆಂಕಿಗೆ ಕಾಯಿಸದೆ ಚರ್ಮ ಬಿಗಿ ಆಗಲ್ಲ. ಸ್ಟುಡಿಯೋದೊಳಗೆ ಬೆಂಕಿ ಹಚ್ಚಂಗಿಲ್ಲ. ಸಡಿಲ ತಮಟೆಯಲ್ಲೇ ಬಾರಿಸಿದ. ಅದರ ಮೇಲೆ ಸೌಂಡ್‌ನವರು "ಮೈಕ್ ತಡ್ಕೊಳಲ್ಲ, ಮೆಲ್ಲಗೆ ಬಾರಿಸಿ" ಅಂದ್ರು. ಮೆಲ್ಲಗೆ ಬಾರಿಸೋ ತಮಟೆ ಅಂತ ಒಂದಿದೆಯಾ?

ಇವೆಲ್ಲ ಸಣ್ಣವು. ದೊಡ್ಡದು ಇನ್ನೆರಡು.

ಕಾರ್ಯಕ್ರಮ ನೋಡ್ಕೊಳ್ಳೋರು ನನ್ನನ್ನ ಪಕ್ಕಕ್ಕೆ ಕರೆದು, "ಸರ್, ಜಾತಿ ಹೆಸರು ಬೇಡ, ಲೀಗಲ್ಲಾಗಿ ತೊಂದರೆ ಆಗುತ್ತೆ. ಪೌರಕಾರ್ಮಿಕರು ಅಂದ್ರೆ ಸಾಕಲ್ವಾ" ಅಂದ್ರು. ನಾನು ಅಕ್ಕನ್ನ ಕೇಳದೆ ಹೂಂ ಅಂದೆ. ಎರಡನೇದು, ಕೊನೆಯ ಮೌನ. "ಸರ್, ಐದು ಸೆಕೆಂಡ್ ಏನೂ ಕೇಳಿಸದಿದ್ರೆ ಜನ ಟಿವಿ ಕೆಟ್ಟಿದೆ ಅಂದ್ಕೊಂಡು ಚಾನೆಲ್ ಬದಲಾಯಿಸ್ತಾರೆ." ಅದಕ್ಕೂ ಹೂಂ ಅಂದೆ. ಟಿವಿಯಲ್ಲಿ ಬರ್ತೀವಲ್ಲ, ಅಷ್ಟು ಸಾಕು ಅನ್ನೋ ಆಸೆ. ಆ ಆಸೆ ಬೇರೆ ಯಾರದೂ ಅಲ್ಲ, ನಂದೇ.

ಪ್ರಸಾರದ ದಿನ ಅಕ್ಕನ ಮನೇಲಿ ಕೇರಿಯ ಅರ್ಧ ಜನ. ಅಕ್ಕನ ಅತ್ತೆ ಹೊಸ ಸೀರೆ ಉಟ್ಟು ಕೂತಿದ್ರು. ನಾಟಕ ಬಂತು. ಅಕ್ಕ ಮಾತಾಡ್ತಿರೋವಾಗ ಕ್ಯಾಮೆರಾ ಹತ್ತಿರ ಹತ್ತಿರ ಬಂದು ಅವಳ ಕಣ್ಣಲ್ಲೇ ನಿಂತ್ಕೊಂಡ್ತು. ಹಿಂದುಗಡೆ ಕೊಳಲು. ಅವಳು ಪ್ರಶ್ನೆ ಕೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ನಿರೂಪಕಿ ಬಂದು, ಮನಸ್ಸು ಕಲಕಿತು ಅಂತ ಎರಡು ಮಾತು ಹೇಳಿದ್ರು. ಬ್ರೇಕ್. ಮೊದಲ ಜಾಹೀರಾತು ಟಾಯ್ಲೆಟ್ ಕ್ಲೀನ್ ಮಾಡೋ ಲಿಕ್ವಿಡ್‌ದು. ಇದನ್ನ ನಾನು ಕಟ್ಟಿ ಹೇಳ್ತಿಲ್ಲ.

ಎಲ್ಲರೂ ಚಪ್ಪಾಳೆ ಹೊಡೆದ್ರು. ಅತ್ತೆ ಅತ್ತರು. ಅಕ್ಕ ಎದ್ದು ಆಚೆ ಹೋದಳು. ನಾನೂ ಹಿಂದೆ ಹೋದೆ. ಅವಳು ಜೋರು ಮಾಡಲಿಲ್ಲ. "ನಾನು ಕೇಳಿದ್ದು ಪ್ರಶ್ನೆ. ಅವರು ತೋರಿಸಿದ್ದು ನನ್ನ ಅಳು. ಅವರು ಹಂಗೇ ಬಿಡು. ನೀನ್ಯಾಕೆ ಸುಮ್ಕಿದ್ದೆ?" ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿ "ಟಿವಿ ನಮ್ಮದಲ್ಲ, ನಮಗೆ ಬೀದಿನೇ ಸಾಕು" ಅಂದುಬಿಡಬಹುದು. ತುಂಬಾ ಸಂಗಾತಿಗಳು ಹಾಗೇ ಅಂತಾರೆ. ಆದ್ರೆ ಹತ್ತು ದಿನ ಆದಮೇಲೆ ಇನ್ನೊಂದು ಜಿಲ್ಲೆಯಿಂದ ಒಬ್ಬ ಹೆಣ್ಣುಮಗಳು ಹೇಗೋ ನಂಬರ್ ಹುಡುಕಿ ಅಕ್ಕನಿಗೆ ಫೋನ್ ಮಾಡಿದ್ಲು. ಅವಳ ಅಣ್ಣನೂ ಹಿಂಗೇ ತೀರ್ಕೊಂಡಿದ್ದ, ಬಹಳ ವರ್ಷದ ಹಿಂದೆ. 2014ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು: 1993ರಿಂದ ಈಚೆಗೆ ಚರಂಡಿ, ಮ್ಯಾನ್‌ಹೋಲಲ್ಲಿ ಸತ್ತವರೆಲ್ಲರ ಕುಟುಂಬ ಹುಡುಕಿ ತಲಾ 10 ಲಕ್ಷ ಪರಿಹಾರ ಕೊಡಬೇಕು ಅಂತ. ಅದು ಆ ಮನೆಗೆ ಗೊತ್ತೇ ಇರಲಿಲ್ಲ. ಅಕ್ಕ ಫೋನಲ್ಲೇ ಕೂತು ಯಾವ್ಯಾವ ಕಾಗದ ಬೇಕು, ಡಿಸಿ ಆಫೀಸಲ್ಲಿ ಏನು ಕೇಳಬೇಕು ಅಂತ ಹೇಳಿಕೊಟ್ಟಳು. ನಾವು ನೂರು ಬೀದಿ ಸುತ್ತಿದ್ರೂ ಆ ಮನೆ ಸಿಗ್ತಿರಲಿಲ್ಲ. ಕತ್ತರಿಸಿ ಕೊಳಲು ಹಾಕಿದ ನಾಟಕವೇ ಅವಳನ್ನ ಮುಟ್ಟಿತು.

ಟಿವಿಯ ತಾಕತ್ತು ನಮಗೆ ಗೊತ್ತಿಲ್ಲದ್ದೇನಲ್ಲ. 2020ರಲ್ಲಿ ಹಿಂದಿಯ ಅಂಬೇಡ್ಕರ್ ಧಾರಾವಾಹಿ 'ಮಹಾನಾಯಕ' ಅಂತ ಕನ್ನಡಕ್ಕೆ ಡಬ್ ಆಗಿ ಬಂದಾಗ ಊರೂರ ಕೇರಿಗಳಲ್ಲಿ ಫ್ಲೆಕ್ಸ್ ಎದ್ದವು. ಒಂದು ಸೀರಿಯಲ್‌ಗೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ದು ಯಾಕೆ? ಮನೆಯೊಳಗಿನ ಪೆಟ್ಟಿಗೆಯಲ್ಲಿ ಬಾಬಾಸಾಹೇಬರು ದಿನಾ ಕಾಣ್ತಿದ್ರಲ್ಲ, ಅದಕ್ಕೆ.

ಹಾಗಾಗಿ ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಬೇರೆ. ಟಿವಿಗೆ ಹೋಗಬೇಕಾ ಬೇಡ್ವಾ ಅನ್ನೋದಲ್ಲ, ಹೋಗೋವಾಗ ಜೊತೆಗೆ ಏನನ್ನ ಕರ್ಕೊಂಡು ಹೋಗಬೇಕು ಅನ್ನೋದು.

ರಂಗಭೂಮಿ ಗೆಳೆಯರೊಬ್ಬರು ಸ್ಕಾಟ್ಲೆಂಡಿನ ಒಂದು ನಾಟಕದ ವಿಷಯ ಹೇಳಿದ್ರು. '7:84' ಅಂತ ಒಂದು ತಂಡ. ಬ್ರಿಟನ್ನಿನ 84 ಶೇಕಡಾ ಸಂಪತ್ತು 7 ಶೇಕಡಾ ಜನರ ಕೈಲಿದೆ ಅನ್ನೋ ಲೆಕ್ಕವನ್ನೇ ಹೆಸರು ಮಾಡ್ಕೊಂಡಿದ್ರು. ಜಾನ್ ಮೆಕ್‌ಗ್ರಾತ್ ಬರೆದ 'ದಿ ಷೆವಿಯಟ್, ದಿ ಸ್ಟ್ಯಾಗ್ ಅಂಡ್ ದಿ ಬ್ಲ್ಯಾಕ್, ಬ್ಲ್ಯಾಕ್ ಆಯಿಲ್' ಅನ್ನೋ ನಾಟಕವನ್ನ 1973ರಲ್ಲಿ ಗುಡ್ಡಗಾಡಿನ ಹಳ್ಳಿಗಳಿಗೆ ತಗೊಂಡು ಹೋದ್ರು. ಜಮೀನ್ದಾರರು ಕುರಿ ಮೇಯಿಸೋಕೆ ಅಂತ ರೈತರನ್ನ ಒಕ್ಕಲೆಬ್ಬಿಸಿದ್ದು, ಆಮೇಲೆ ಅದೇ ನೆಲ ಶ್ರೀಮಂತರ ಜಿಂಕೆ ಬೇಟೆಗೆ ಹೋಗಿದ್ದು, ಕೊನೆಗೆ ಎಣ್ಣೆ ಕಂಪನಿಗಳು ಬಂದಿದ್ದು, ಇದು ಕತೆ. ಹಾಡು, ಪಿಟೀಲು, ನಗು, ಲೆಕ್ಕಪತ್ರ ಎಲ್ಲ ಇರೋ ನಾಟಕ.

1974ರಲ್ಲಿ ಬಿಬಿಸಿ ಅದನ್ನ ಟಿವಿಗೆ ತಂತು. ಹೆಂಗೆ ತಂದ್ರು ಅನ್ನೋದು ಮುಖ್ಯ. ಹಳ್ಳಿಯ ಸಭಾಂಗಣದಲ್ಲಿ, ಜನ ತುಂಬಿ ಕೂತಿರೋವಾಗಲೇ ಚಿತ್ರೀಕರಿಸಿದ್ರು. ಕ್ಯಾಮೆರಾ ನಟರನ್ನ ತೋರಿಸಿದಷ್ಟೇ ಆ ಜನರ ಮುಖಕ್ಕೂ ತಿರುಗ್ತಾ ಇರುತ್ತೆ. ಟಿವಿಗೆ ಮಾತ್ರ ಸಾಧ್ಯ ಆಗೋದನ್ನೂ ಸೇರಿಸಿದ್ರು: ಒಕ್ಕಲೆಬ್ಬಿಸಿದ ಇತಿಹಾಸವನ್ನ ಬಯಲಲ್ಲಿ ಮತ್ತೆ ಆಡಿ ತೋರಿಸಿದ್ರು, ಎಣ್ಣೆ ಕೆಲಸದ ಕಾರ್ಮಿಕರ ಸಂದರ್ಶನ ಹಾಕಿದ್ರು. ಅಂದ್ರೆ ನಾಟಕವನ್ನ ಇದ್ದಂಗೇ ಇಡಲಿಲ್ಲ, ಬದಲಾಯಿಸಿದ್ರು. ಆದ್ರೆ ಪ್ರೇಕ್ಷಕರನ್ನ ಬಿಟ್ಟು ಬರಲಿಲ್ಲ.

ಬಾಯಿಮಾತಿನ ಕಾವ್ಯಕ್ಕೂ ಇದೇ ಮಾತು. ಅಮೆರಿಕದ ಎಚ್‌ಬಿಓದಲ್ಲಿ 2002ರಿಂದ 2007ರವರೆಗೆ 'ಡೆಫ್ ಪೊಯೆಟ್ರಿ' ಬಂತು, ಮೋಸ್ ಡೆಫ್ ನಡೆಸಿಕೊಡ್ತಿದ್ದ. ಒಬ್ಬ ಕವಿ, ಒಂದು ಮೈಕ್, ಎದುರಿಗೆ ಜನ. ಸಾಲು ತಾಗಿದ ಕಡೆ ಜನ ಕೂಗೋದು ಹಾಗೇ ಕೇಳಿಸುತ್ತೆ. ಅದು ಚಂದಾ ಕಟ್ಟಿ ನೋಡೋ ಚಾನೆಲ್, ಮಧ್ಯೆ ಜಾಹೀರಾತು ಇಲ್ಲ. ಅದಕ್ಕೂ ಮುಂಚೆ, 1968ರಿಂದ 1973ರವರೆಗೆ, ನ್ಯೂಯಾರ್ಕಿನ ಸಾರ್ವಜನಿಕ ಟಿವಿಯಲ್ಲಿ 'ಸೋಲ್!' ಅಂತ ಕಾರ್ಯಕ್ರಮ ಇತ್ತು. ಎಲ್ಲಿಸ್ ಹೇಜ್ಲಿಪ್ ಅನ್ನೋ ಕಪ್ಪು ನಿರ್ಮಾಪಕ ಕಪ್ಪು ಜನರಿಗಾಗಿ ಮಾಡಿದ್ದು. ಕವಿಗಳು, ಹಾಡುಗಾರರು, ಹೋರಾಟಗಾರರು ಅಲ್ಲಿಗೆ ಬಂದು ತಮ್ಮವರ ಹತ್ತಿರ ಮಾತಾಡೋ ಥರಾನೇ ಮಾತಾಡಿದ್ರು. ಯಾರಿಗೂ ತಮ್ಮ ಬಗ್ಗೆ ವಿವರಣೆ ಕೊಡಬೇಕಾಗಿರಲಿಲ್ಲ. ಹಣದ ಬೆಂಬಲ ನಿಂತ ಮೇಲೆ ಕಾರ್ಯಕ್ರಮವೂ ನಿಂತುಹೋಯ್ತು. ಅದನ್ನೂ ನೆನಪಿಟ್ಕೋಬೇಕು.

ನಮ್ಮಲ್ಲೂ ದಾರಿ ಇಲ್ಲದೆ ಇಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯಾಕಾಂಡವನ್ನ 'ಸಮುದಾಯ' ತಂಡ ಕರ್ನಾಟಕದ ಬೀದಿಗೆ ತಂತು. ದೇವನೂರರ 'ಒಡಲಾಳ' ಸಿ.ಜಿ.ಕೆ. ಕೈಯಲ್ಲಿ ನಾಟಕ ಆಯ್ತು, ಉಮಾಶ್ರೀ ಸಾಕವ್ವ ಆದ್ರು. ಪುಸ್ತಕದಿಂದ ರಂಗಕ್ಕೆ ಬರೋವಾಗ ಸಾಕವ್ವನ ನುಡಿಯನ್ನ ಪೇಟೆ ಕನ್ನಡ ಮಾಡಲಿಲ್ಲ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟೋವಾಗ ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು ಅಂತ ಅವರಿಗೆ ಗೊತ್ತಿತ್ತು. 2015ರಲ್ಲಿ ನನಗೆ ಗೊತ್ತಿರಲಿಲ್ಲ.

ಹೋದ ಭಾನುವಾರ ಅಕ್ಕನ ಮನೇಲಿ ಕೂತು ಈ ಸಲದ ಷರತ್ತು ಬರೆದ್ವಿ. ಬೇರೆ ತಂಡದವರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ.

1. ಸ್ಟುಡಿಯೋ ಬೇಡ. ಕೇರಿಗೋ ಸಂತೆಗೋ ಬನ್ನಿ. ತಮಟೆಗೆ ಬೆಂಕಿ ಇರುತ್ತೆ, ಮೈಕ್ ದೂರ ಇಟ್ಕೊಳ್ಳಿ.

2. ಒಂದು ಕ್ಯಾಮೆರಾ ಪೂರ್ತಿ ಹೊತ್ತು ಜನರ ಕಡೆಗೇ ಇರಬೇಕು. ತೋರಿಸೋಕೆ ಒಪ್ಪಿದವರ ಮುಖ ಮಾತ್ರ ಹಾಕಬೇಕು.

3. ಜಾತಿಯ ಹೆಸರು ತೆಗೆಯಂಗಿಲ್ಲ. ಅಕ್ಕ ತನ್ನ ಜಾತಿ ತಾನು ಹೇಳ್ಕೊಳ್ಳೋದು ಅವಳ ಹಕ್ಕು.

4. ಕೊನೆಯ ಪ್ರಶ್ನೆ, ಆಮೇಲಿನ ಮೌನ, ಎರಡೂ ಉಳೀಬೇಕು. ಕನಿಷ್ಠ 40 ಸೆಕೆಂಡ್, ಸಂಗೀತ ಇಲ್ಲದೆ. ಅದು ಆದ ಕೂಡಲೇ ಬ್ರೇಕ್ ಬೇಡ.

5. ಪ್ರಸಾರಕ್ಕೆ ಮುಂಚೆ ಎಡಿಟ್ ಆಗಿದ್ದನ್ನ ನಾವು ನೋಡಬೇಕು. ಅಳೋದನ್ನಷ್ಟೇ ಕತ್ತರಿಸಿ ಮೊಬೈಲ್ ಕ್ಲಿಪ್ ಮಾಡಂಗಿಲ್ಲ.

6. ಮಾತು ಅಕ್ಕನದು. 'ರಚನೆ' ಅಂತ ಅವಳ ಹೆಸರೇ ಬರಬೇಕು, ಸಂಭಾವನೆಯೂ ಅವಳಿಗೆ. ಮರುಪ್ರಸಾರ ಆಗೋವಾಗಲೆಲ್ಲ ಅವಳನ್ನ ಕೇಳಬೇಕು. ಗಂಡನ ಸಾವನ್ನ ಎಷ್ಟು ಸಲ ಹೇಳಬೇಕು ಅನ್ನೋದು ಅವಳ ತೀರ್ಮಾನ.

7. ಕೆಳಗಡೆ ಓಡೋ ಪಟ್ಟಿಯಲ್ಲಿ ಇಷ್ಟು ಬರಬೇಕು: ಮನುಷ್ಯರನ್ನ ಮ್ಯಾನ್‌ಹೋಲ್, ಪಿಟ್ ಗುಂಡಿಗೆ ಹೀಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಸಾವಿಗೆ ಪರಿಹಾರವನ್ನ 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷಕ್ಕೆ ಏರಿಸಿದೆ. ಅರ್ಜಿ ಎಲ್ಲಿ ಕೊಡಬೇಕು ಅನ್ನೋದೂ ಇರಬೇಕು.

ಏಳನೇದು ಅಕ್ಕ ಹೇಳಿದ್ದು. ಆ ಹೆಣ್ಣುಮಗಳ ಫೋನನ್ನ ಅವಳು ಮರೆತಿಲ್ಲ. ಬೀದಿಯಲ್ಲಿ ನಾವು ಎರಡು ನೂರು ಜನಕ್ಕೆ ಕರಪತ್ರ ಹಂಚ್ತೀವಿ, ಟಿವಿಯಲ್ಲಿ ಆ ಪಟ್ಟಿನೇ ಕರಪತ್ರ ಅಂದಳು.

ಬರೆದು ಮುಗಿಸಿ ಕೇಳಿದೆ: "ಅಕ್ಕಾ, ನಿಜವಾಗ್ಲೂ ಮಾಡ್ತೀಯಾ? ಇಷ್ಟ ಇಲ್ಲದಿದ್ರೆ ಬೇಡ."

ಅವಳ ಮಗಳು ಈಗ ಡಿಗ್ರಿ ಓದ್ತಿದ್ದಾಳೆ, ಪಕ್ಕದಲ್ಲೇ ಕೂತು ನಮ್ಮ ಷರತ್ತನ್ನ ಮೊಬೈಲಲ್ಲಿ ಟೈಪ್ ಮಾಡ್ತಿದ್ಲು. ಅಕ್ಕ ಅವಳನ್ನೊಮ್ಮೆ ನೋಡಿ, "ಮಾಡೋಣ. ಆದ್ರೆ ಕ್ಯಾಮೆರಾದವನೂ ಜನದ ಮಧ್ಯೆನೇ ನಿಂತ್ಕೊಳ್ಲಿ. ಅವನ ಮನೇಲೂ ಗುಂಡಿ ಇರ್ತದಲ್ಲ, ಅವನ್ನೂ ಕೇಳ್ತೀನಿ" ಅಂದಳು.

ಷರತ್ತು ಕಳಿಸಿ ನಾಲ್ಕು ದಿನ ಆಯ್ತು. ಚಾನೆಲ್‌ನಿಂದ ಇನ್ನೂ ಉತ್ತರ ಬಂದಿಲ್ಲ. ಒಪ್ಪಿದ್ರೆ 14ನೇ ತಾರೀಕು ಎಲ್ಲರೂ ನೋಡಿ. ಒಪ್ಪದಿದ್ರೆ ಅದೇ ದಿನ ಸಂಜೆ ಬಸ್ ಸ್ಟ್ಯಾಂಡ್ ಮುಂದೆ ನಾಟಕ ಇರುತ್ತೆ, ಬನ್ನಿ. ಎರಡರಲ್ಲಿ ಯಾವುದಾದ್ರೂ ಅಕ್ಕ ಕೇಳೋ ಪ್ರಶ್ನೆ ಒಂದೇ.

ನಿಮ್ಮ ತಂಡಕ್ಕೂ ಹಿಂಗೆ ಆಗಿದ್ರೆ ಬರೀರಿ. ಷರತ್ತಲ್ಲಿ ಏನಾದ್ರೂ ಬಿಟ್ಟಿದ್ರೆ ಹೇಳಿ, ಸೇರಿಸ್ಕೋತೀವಿ.

ಜೈ ಭೀಮ್.