ಗಿರಾಣ, ಭೂಕಂಪ ಮತ್ತು ಉತ್ತರಿ ಮಳೆ

ಬೆಳಗಾವಿ ಜಿಲ್ಲೆಯ ಸದಲಗಾದ ಕಟ್ಟೆಯ ಮೇಲೆ ಕಬ್ಬಿನ ಬಿಲ್ಲಿನ ಮಾತು ಮುಗಿದರೆ ಗಿರಾಣದ, ಅಂದರೆ ಗ್ರಹಣದ, ಮಾತು ಶುರು. ಊಟ ಎಷ್ಟೊತ್ತಿಗೆ ಬಿಡಬೇಕು, ನೀರಿನ ತಾಟಿನಲ್ಲಿ ಒನಕೆ ನೆಟ್ಟಗೆ ನಿಂತಿತೋ ಇಲ್ಲವೋ, ಇದೆಲ್ಲ ಬೇಗ ತೀರುತ್ತದೆ. ಕೊನೆಗೊಬ್ಬರು ದನಿ ತಗ್ಗಿಸಿ, ‘ಈ ಸಲದ ಗಿರಾಣ ಭಾರಿ ಐತಿ, ಎಲ್ಯಾರ ಭೂಮಿ ನಡಗತೈತಿ ನೋಡ್ರಿ’ ಎನ್ನುತ್ತಾರೆ.

ಆ ‘ಎಲ್ಯಾರ’ ಇದೆಯಲ್ಲ, ಅದರಲ್ಲೇ ಇದೆ ಜಾಣತನ. ಜಗತ್ತಿನಲ್ಲಿ ವರ್ಷಕ್ಕೆ ಆರಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳು ನೂರರ ಮೇಲೆಯೇ ಆಗುತ್ತವೆ. ಗ್ರಹಣಗಳೋ, ಕಡಿಮೆಯೆಂದರೂ ನಾಲ್ಕು. ಒಂದೊಂದರ ಹಿಂದೆ ಮುಂದೆ ಹದಿನೈದು ದಿನ ಬಿಟ್ಟುಕೊಂಡರೆ ವರ್ಷದ ಕಾಲು ಭಾಗ ಭವಿಷ್ಯಗಾರನ ಪಾಲಿಗೆ ಬಂತು. ಅಷ್ಟರಲ್ಲಿ ಚಿಲಿಯೋ ಇಂಡೋನೇಷ್ಯಾವೋ ಅವನ ಮಾನ ಉಳಿಸದೆ ಇರುತ್ತದೆಯೇ?

ಈ ಭವಿಷ್ಯಗಾರರ ಹಿರಿಯ, ಜ್ಯೋತಿಷಿ ವರಾಹಮಿಹಿರನೇನೂ ಸಾಮಾನ್ಯನಲ್ಲ. ‘ಬೃಹತ್ಸಂಹಿತೆ’ಯಲ್ಲಿ ಭೂಕಂಪಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ಭೂಮಿ ಹೊತ್ತ ದಿಗ್ಗಜಗಳು ದಣಿದು ಉಸಿರು ಬಿಡುವುದು, ಗಾಳಿಗೆ ಗಾಳಿ ಡಿಕ್ಕಿ ಹೊಡೆಯುವುದು, ಹೀಗೆ ಹಿಂದಿನವರ ಮತಗಳನ್ನೆಲ್ಲ ಸಾಲಾಗಿ ಕೊಟ್ಟ. ಗ್ರಹಣ ನೆರಳಿನಾಟವೆಂಬುದೂ ಅವನಿಗೆ ಗೊತ್ತಿತ್ತು. ಗ್ರಹಣದ ಗಳಿಗೆಯನ್ನು ಪಂಚಾಂಗ ಕರಾರುವಾಕ್ಕಾಗಿ ಹೇಳುತ್ತದೆ. ಆ ಪತ್ತಿನ ಮೇಲೆಯೇ ಭೂಕಂಪದ ಮಾತಿಗೂ ಸಾಲ ಹುಟ್ಟುತ್ತದೆ.

ಆ ಸಾಲ ದೊಡ್ಡದಾಗಿ ಮುಳುಗಿದ್ದು 1962ರ ಫೆಬ್ರವರಿಯಲ್ಲಿ. ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟ, ಅದರ ಜೊತೆಗೇ ಒಂದು ಸೂರ್ಯಗ್ರಹಣ. ಪ್ರಳಯವೇ ಎಂದು ದೇಶದ ತುಂಬ ಯಜ್ಞ, ಹೋಮ, ಭಜನೆ. ತುಪ್ಪ ಕರಗಿತು, ಭೂಮಿ ಅಲುಗಲಿಲ್ಲ.

ಅದೇ ಹೊತ್ತಿಗೆ ಸದಲಗಾದಿಂದ ವಾಯವ್ಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ನೂರಿಪ್ಪತ್ತು ಕಿಲೋಮೀಟರ್ ಆಚೆ, ಕೊಯ್ನಾ ಅಣೆಕಟ್ಟೆಯ ಹಿಂದೆ ಸದ್ದಿಲ್ಲದೆ ನೀರು ನಿಲ್ಲತೊಡಗಿತ್ತು. ಯಾವ ಜ್ಯೋತಿಷಿಯೂ ಅದರ ಕುಂಡಲಿ ಬರೆಯಲಿಲ್ಲ. ಸಣ್ಣ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ದೊಡ್ಡದು ಬಂತು. ಕೊಯ್ನಾನಗರ ನೆಲಕಚ್ಚಿತು, ಸುಮಾರು 180 ಜನ ಸತ್ತರು. ಅಂದು ಅಮಾವಾಸ್ಯೆಯಲ್ಲ, ಹುಣ್ಣಿಮೆಯಲ್ಲ. ಹಿಂದಿನ ಗ್ರಹಣ ಮುಗಿದು ತಿಂಗಳ ಮೇಲಾಗಿತ್ತು. 1993ರಲ್ಲಿ ಲಾತೂರಿನ ಕಡೆಯ ಕಿಲ್ಲಾರಿ ಅಲುಗಿದಾಗ ಹುಣ್ಣಿಮೆಯೇನೋ ಇತ್ತು, ಗ್ರಹಣ ಇರಲಿಲ್ಲ.

ಚಂದ್ರನಿಗೆ ಪೂರ್ತಿ ಖುಲಾಸೆ ಕೊಡಲಾಗದು. ಸೂರ್ಯ ಚಂದ್ರರು ಕೂಡಿ ಎಳೆಯುವ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ, ಸಣ್ಣ ಬಿರುಕು ದೊಡ್ಡ ಕಂಪನವಾಗಿ ಬೆಳೆಯುವ ಸಂಭವ ತುಸು ಹೆಚ್ಚೆಂದು ಟೋಕಿಯೋ ವಿಶ್ವವಿದ್ಯಾಲಯದವರು 2016ರಲ್ಲಿ ಬರೆದರು. ಆದರೆ ಎಲ್ಲಿ, ಯಾವತ್ತು ಎಂದು ಹೇಳಲು ಅದು ಸಾಲದು. ಆ ಎಳೆತಕ್ಕೆ ಗ್ರಹಣವೇ ಆಗಬೇಕೆಂದೂ ಇಲ್ಲ. ಪ್ರತಿ ತಿಂಗಳೂ ಎರಡು ಸಲ ಅದು ಇದ್ದದ್ದೇ.

ಕೊಯ್ನಾದ ನೆಲಕ್ಕೆ ಮಾತ್ರ ತನ್ನದೇ ಪಂಚಾಂಗ ಉಂಟು. ಮಳೆಗೆ ಜಲಾಶಯ ತುಂಬಿದ ಮೇಲೆ ಸೆಪ್ಟೆಂಬರ್ ಸುಮಾರಿಗೆ ಕಂಪನ ಹೆಚ್ಚುತ್ತದೆ, ನೀರು ಇಳಿಯುವ ಡಿಸೆಂಬರಿನಲ್ಲಿ ಇನ್ನೊಮ್ಮೆ. ಈ ಕಂಪನಗಳ ಗುಟ್ಟು ಹಿಡಿಯಲು ಕರಾಡದ ಭೂಭೌತ ಪ್ರಯೋಗಾಲಯದವರು ಅಲ್ಲಿ ಮೂರು ಕಿಲೋಮೀಟರ್ ಆಳದ ಬಾವಿ ಕೊರೆದಿದ್ದಾರೆ. ಸೆಪ್ಟೆಂಬರ್ ಎಂದರೆ ನಕ್ಷತ್ರದ ಹೆಸರು ಹೊತ್ತ ನಮ್ಮ ಹುಬ್ಬಿ, ಉತ್ತರಿ ಮಳೆಗಳ ಕಾಲ. ಹಾಗೆ ನೋಡಿದರೆ ಭೂಕಂಪಕ್ಕೂ ನಕ್ಷತ್ರಕ್ಕೂ ಸಂಬಂಧ ಇದ್ದೇ ಇದೆ. ಕಟ್ಟೆಯಲ್ಲಿ ಇದನ್ನು ಹೇಳಿದರೆ ಗಿರಾಣದವರು, ‘ಮತ್ತ ನಾವು ಹೇಳಿದ್ದೇನ್ರಿ?’ ಎಂದು ಎಲೆ ಅಡಿಕೆ ಮುಂದೆ ಸರಿಸುತ್ತಾರೆ.