ಹಳೇ ಸೀರಿ ಕೌದಿ

ಮೊನ್ನೆ ಮಗಳು ಟ್ರಂಕಿನ್ಯಾಗಿಂದ ನನ್ನ ಹಳೇ ಇಳಕಲ್ ಸೀರಿ ತಗದ್ಲು. "ಕಾಲೇಜಿನ ಹುಡುಗ್ಯಾರೆಲ್ಲಾ ಸೇರಿ ಕೌದಿ ಹೊಲದು ಮಾರ್ತೀವಿ, ಅವ್ವಾ. ಸಾಗಾಣಿಕೆದಾರರ ಕೈಯಿಂದ ಬಿಡಿಸಿಕೊಂಡು ಬಂದ ಹುಡುಗ್ಯಾರಿಗೆ ರೊಕ್ಕ ಕೊಡ್ತೀವಿ" ಅಂದ್ಲು.

ಸೀರಿ ಕೊಡಾಕ ಮನಸ್ಸಿರಲಿಲ್ಲ. ಆಮ್ಯಾಲೆ ನಮ್ಮ ತವರಮನಿ ಓಣಿ ಹುಡುಗಿ ನೆನಪಾದ್ಲು. ಮುಂಬೈದಾಗ ಮನಿಗೆಲಸ ಕೊಡಸ್ತೀನಂತ ಪರಿಚಯದಾಕಿ ಒಬ್ಬಾಕಿ ಕರಕೊಂಡು ಹೋದ್ಲು; ಹುಡುಗಿ ತಿರುಗಿ ಬರಲೇ ಇಲ್ಲ. ಅವತ್ತು ನಾವೆಲ್ಲಾ ಖುಷೀಲೆ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಿದ್ವಿ. ಯಾರ ಮನಿ, ಎಲ್ಲಿ ಅಂತ ಒಬ್ರೂ ಕೇಳಲಿಲ್ಲ.

ಸೀರಿ ಕೊಟ್ಟೆ, ನಾನೂ ಸೂಜಿ ಹಿಡಿದೆ. ಪ್ರತಿ ಕೌದಿ ಮೂಲ್ಯಾಗ ಹುಡುಗ್ಯಾರು ಕೆಂಪು ದಾರದಾಗ 1098 ಅಂತ ಹೊಲದಾರ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರ್ತದ.

ನೋಡ್ರೆವಾ, ಯಾರರೆ ನಿಮ್ಮ ಓಣಿ ಹುಡುಗಿಗೆ ದೂರದ ಊರಾಗ ಕೆಲಸ ಅಂತ ಬಂದ್ರ, ಬುತ್ತಿ ಕಟ್ಟೂಕಿಂತ ಮೊದ್ಲ ವಿಳಾಸ ಕೇಳ್ರಿ.