ರಸಬಾಳೆಯ ಕಂದು

ನಮ್ಮ ಅಜ್ಜಿಯ ಲೆಕ್ಕದಲ್ಲಿ ಬಾಳೆಹಣ್ಣು ಎರಡೇ ಬಗೆ: ನಂಜನಗೂಡು ರಸಬಾಳೆ, ಮತ್ತು ಉಳಿದವು. ತಿರುಮಕೂಡಲು ನರಸೀಪುರದ ನಮ್ಮ ಮನೆಗೆ ನಂಟರು ಬಂದರೆಂದರೆ ರಸಬಾಳೆಗೆ ಬೆಲ್ಲ, ತೆಂಗಿನಹಾಲು, ಏಲಕ್ಕಿ ಸೇರಿಸಿದ ರಸಾಯನ ಆಗಲೇಬೇಕು. ನಾವು ಮಕ್ಕಳು ಹಣ್ಣು ಕದ್ದು ತಿನ್ನುವಂತೆಯೇ ಇರಲಿಲ್ಲ; ಬಾಯಿಯ ಘಮವೇ ಚಾಡಿ ಹೇಳುತ್ತಿತ್ತು!

2005-06ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಅಷ್ಟರಲ್ಲಾಗಲೇ ಪನಾಮ ಸೊರಗು ರೋಗ ಬಹಳಷ್ಟು ತೋಟಗಳನ್ನು ನುಂಗಿತ್ತು. ಮಧ್ಯ ಅಮೆರಿಕದ ಹೆಸರುವಾಸಿ ಗ್ರೋ ಮಿಶೆಲ್ ಬಾಳೆಯನ್ನು ಪೇಟೆಯಿಂದ ಹೊರಗಟ್ಟಿದ್ದೂ ಇದೇ ರೋಗ. ನಾವು ತಿನ್ನುವ ಬಾಳೆಯಲ್ಲಿ ಬಿತ್ತುವ ಬೀಜವಿಲ್ಲ. ತಾಯಿಗಿಡದ ಕಂದನ್ನೇ ಕಿತ್ತು ನೆಡಬೇಕು. ತಾಯಿಗೆ ರೋಗ ತಗುಲಿದ್ದರೆ ಕಂದಿನ ಜೊತೆಗೇ ಅದೂ ಹೊಸ ತೋಟಕ್ಕೆ ಬರುತ್ತದೆ. ಬಂದದ್ದು ದಶಕಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಅಕ್ಕರೆಯಿಂದ ನಂಟರಿಗೆ ಕಂದು ಕೊಡುವ ನಮ್ಮ ಪದ್ಧತಿಯೇ ರೋಗಕ್ಕೂ ದಾರಿಯಾಗಬಲ್ಲದು.

ಈಗ ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿ ಬೆಳೆಸುತ್ತಾರೆ. ಸೊರಗು ರೋಗ ಕಾಣದ ಹಿತ್ತಲಿದ್ದರೆ ಅಂಥ ಒಂದು ಸಸಿ ನೆಟ್ಟು, ನೀರಿನ ಚೊಂಬನ್ನು ಮಕ್ಕಳ ಕೈಗೆ ಕೊಡಿ. ಗೊನೆ ಹಣ್ಣಾದಾಗ ರಸಾಯನ ಮಾಡಿ. ಆ ಘಮವನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಾರದು.